ಹದಿನೈದು ಟೆಸ್ಟ್‌ಗಳಾಚೆಯ ಸುನೀಲ ಜೋಶಿ

ಗದುಗಿನಲ್ಲಿ ಕ್ರಿಕೆಟ್ ಮಾತು ಎದ್ದರೆ ಸುನೀಲ ಜೋಶಿ ಹೆಸರು ಬರುತ್ತದೆ. ಆ ಹೆಸರಿನ ಬೆನ್ನಿಗೇ ನೈರೋಬಿ ಬರುತ್ತದೆ. 1999ರ ಸೆಪ್ಟೆಂಬರ್ 26ರಂದು ಎಲ್‌ಜಿ ಕಪ್ ಪಂದ್ಯದಲ್ಲಿ ದಕ್ಷಿಣ ಆಫ್ರಿಕದ ಎದುರು ಅವರು 10 ಓವರ್ ಎಸೆದರು. ಅದರಲ್ಲಿ 6 ಮೇಡನ್. ಕೊಟ್ಟಿದ್ದು 6 ರನ್, ಕಿತ್ತಿದ್ದು 5 ವಿಕೆಟ್. ಗಿಬ್ಸ್, ಕ್ರೋನಿಯೆ, ಜಾಂಟಿ ರೋಡ್ಸ್ ಅಂಥವರಿದ್ದ ತಂಡ 117 ರನ್ನಿಗೆ ಮುಗಿಯಿತು. ಊರು ಈ ಒಂದು ಮಧ್ಯಾಹ್ನವನ್ನು ಎದೆಗೆ ಅವಚಿಕೊಂಡಿರುವುದರಲ್ಲಿ ತಪ್ಪೇನಿಲ್ಲ. ಏಕದಿನ ಕ್ರಿಕೆಟ್ಟಿನಲ್ಲಿ ಅಂಥ ಬೌಲಿಂಗ್ ಅಪರೂಪ. ಆದರೆ ಜೋಶಿ ಎಂದರೆ ಆ ಅರವತ್ತು ಎಸೆತ, ಅದರಾಚೆ 15 ಟೆಸ್ಟ್ ಮತ್ತು 69 ಏಕದಿನ ಪಂದ್ಯ ಎಂದು ಲೆಕ್ಕ ಮುಗಿಸಿಬಿಟ್ಟರೆ ಅವರ ವೃತ್ತಿಯ ಬಹುಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇದರಿಂದ ಹೆಚ್ಚಿನ ನಷ್ಟ ಜೋಶಿಯವರಿಗಲ್ಲ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಕ್ಕಳಿಗೆ. ಒಬ್ಬ ಆಟಗಾರನನ್ನು ನಾವು ಯಾವುದರಿಂದ ಅಳೆಯುತ್ತೇವೋ ಅದನ್ನೇ ಮುಂದಿನವರಿಗಾಗಿ ಕಟ್ಟುತ್ತೇವೆ. ಭಾರತದ ಟೋಪಿಯೊಂದೇ ಅಳತೆಗೋಲಾದರೆ ಆ ಟೋಪಿಯವರೆಗೆ ಒಯ್ಯುವ ಮೆಟ್ಟಿಲುಗಳನ್ನು ಕಟ್ಟುವ ಯೋಚನೆಯೇ ಬರುವುದಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. 1970ರ ಜೂನ್ 6ರಂದು ಗದುಗಿನಲ್ಲಿ ಹುಟ್ಟಿದ ಜೋಶಿ, 26 ತುಂಬಿದ ದಿನವೇ, 1996ರ ಜೂನ್ 6ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟಿಗೆ ಇಳಿದರು. ನಾಲ್ಕೂವರೆ ವರ್ಷದಲ್ಲಿ 41 ಟೆಸ್ಟ್ ವಿಕೆಟ್. ಪ್ರತಿ ವಿಕೆಟ್ಟಿಗೆ ಸರಾಸರಿ 35ಕ್ಕೂ ಮೇಲೆ ರನ್. ಇದನ್ನು ದೊಡ್ಡ ಸಾಧನೆ ಎಂದು ಹಿಗ್ಗಿಸುವ ಅಗತ್ಯ ಇಲ್ಲ. ಅದೇ ಕಾಲದ ಇನ್ನೊಬ್ಬ ಎಡಗೈ ಸ್ಪಿನ್ನರ್, ಹೈದರಾಬಾದಿನ ವೆಂಕಟಪತಿ ರಾಜು ಅವರ ಟೆಸ್ಟ್ ಸರಾಸರಿ ಇದಕ್ಕಿಂತ ಚೆನ್ನಾಗಿದೆ. ಆದರೆ ಜೋಶಿಯ ಟೆಸ್ಟ್ ಬದುಕು ಮುಗಿದ ಬಗೆಯನ್ನು ನೋಡಿದರೆ, ಈ ಅಂಕಿಗಳು ಆಟಗಾರನ ಶಕ್ತಿಯ ಬಗ್ಗೆ ಹೇಳುವಷ್ಟೇ ಅವಕಾಶದ ಬಗ್ಗೆಯೂ ಹೇಳುತ್ತವೆ ಎಂಬುದು ಗೊತ್ತಾಗುತ್ತದೆ. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿತು. ಮೊದಲ ಇನಿಂಗ್ಸಿನಲ್ಲೇ 400 ರನ್ ಹೊಡೆದು ಗಂಗೂಲಿ ನಾಯಕತ್ವದ ತಂಡವನ್ನು ಬೆಚ್ಚಿಬೀಳಿಸಿತು. ಆ ಇನಿಂಗ್ಸಿನಲ್ಲಿ 5 ವಿಕೆಟ್ ಜೋಶಿಯವು. ಬ್ಯಾಟಿಂಗಿನಲ್ಲಿ ಭಾರತ ತಡವರಿಸಿದಾಗ ಕೆಳ ಕ್ರಮಾಂಕದಲ್ಲಿ ಬಂದು, ನಾಯಕನ ಜತೆ ನಿಂತು 92 ರನ್ ಮಾಡಿದವರೂ ಜೋಶಿಯೇ. ಎರಡನೇ ಇನಿಂಗ್ಸಿನಲ್ಲಿ ಬಾಂಗ್ಲಾ 91ಕ್ಕೆ ಉರುಳಿದಾಗ ಮತ್ತೆ 3 ವಿಕೆಟ್. ಪಂದ್ಯಪುರುಷ ಪ್ರಶಸ್ತಿ ಇನ್ನಾರಿಗೂ ಹೋಗುವಂತಿರಲಿಲ್ಲ. ಅದೇ ತಿಂಗಳ ಕೊನೆಗೆ ಜಿಂಬಾಬ್ವೆ ವಿರುದ್ಧ ನಾಗಪುರದಲ್ಲಿ ಆಡಿದ್ದು ಅವರ ಕೊನೆಯ ಟೆಸ್ಟ್.

ಮುಂದಿನ ಮೂರು ತಿಂಗಳಲ್ಲಿ ಸ್ಟೀವ್ ವಾ ನಾಯಕತ್ವದ ಆಸ್ಟ್ರೇಲಿಯ ತಂಡ ಭಾರತಕ್ಕೆ ಬಂತು. ಅನಿಲ್ ಕುಂಬ್ಳೆ ಭುಜದ ನೋವಿನಿಂದ ಹೊರಗಿದ್ದರು. 2001ರ ಆ ಸರಣಿಯ ಮೂರು ಟೆಸ್ಟ್‌ಗಳಲ್ಲಿ ಹರಭಜನ್ ಸಿಂಗ್ ಜತೆಗೆ ಮೂವರು ಬೇರೆಬೇರೆ ಎಡಗೈ ಸ್ಪಿನ್ನರ್‌ಗಳು ಕಣಕ್ಕಿಳಿದರು: ಮುಂಬೈಯಲ್ಲಿ ರಾಹುಲ್ ಸಾಂಘ್ವಿ, ಕೋಲ್ಕತ್ತದಲ್ಲಿ ವೆಂಕಟಪತಿ ರಾಜು, ಚೆನ್ನೈಯಲ್ಲಿ ನೀಲೇಶ್ ಕುಲಕರ್ಣಿ. ಒಂದೇ ಸರಣಿಯಲ್ಲಿ, ಒಂದೇ ಬಗೆಯ ಕೆಲಸಕ್ಕೆ ಮೂವರನ್ನು ಹುಡುಕಲಾಯಿತು. ನಾಲ್ಕು ತಿಂಗಳ ಹಿಂದೆ ಟೆಸ್ಟೊಂದರಲ್ಲಿ 8 ವಿಕೆಟ್ ಮತ್ತು 92 ರನ್ ಗಳಿಸಿದವರು ಆ ಮೂವರಲ್ಲಿ ಇರಲಿಲ್ಲ. ಹರಭಜನ್ 32 ವಿಕೆಟ್ ಕಿತ್ತು ಸರಣಿಯನ್ನೇ ತನ್ನದಾಗಿಸಿಕೊಂಡಿದ್ದರಿಂದ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಜೋಶಿಗೆ ಅನ್ಯಾಯವಾಯಿತೆಂದು ದೂರುವುದಕ್ಕೆ ಈ ಮಾತು ಎತ್ತಿದ್ದಲ್ಲ. ಆಯ್ಕೆಯೆಂದರೆ ಹಲವರನ್ನು ಬಿಟ್ಟು ಕೆಲವರನ್ನು ಹಿಡಿಯುವ ಕೆಲಸ. ಆದರೆ ಆಟಗಾರನ ಕೈಯಲ್ಲಿಲ್ಲದ ಇಂಥ ನಿರ್ಧಾರಗಳ ಮೇಲೆ ನಿಂತಿರುವ ಒಂದು ಸಂಖ್ಯೆಯನ್ನು ಅವನ ಬೆಲೆಯ ಸಂಖ್ಯೆ ಮಾಡಿಕೊಳ್ಳುವುದು ಸರಿಯಲ್ಲ.

ಇದು ಕ್ರಿಕೆಟ್ಟಿಗಷ್ಟೇ ಸೇರಿದ ಮಾತಲ್ಲ. ವೇಲ್ಸ್ ದೇಶದ ನೆವಿಲ್ ಸೌಥಾಲ್ ಎಂಬ ಗೋಲ್‌ಕೀಪರ್ ಕಥೆ ಇದನ್ನು ಇನ್ನಷ್ಟು ನಿಚ್ಚಳವಾಗಿ ತೋರಿಸುತ್ತದೆ. 1980ರ ದಶಕದ ನಡುವೆ ಜಗತ್ತಿನ ಅತ್ಯುತ್ತಮ ಗೋಲ್‌ಕೀಪರ್‌ಗಳ ಹೆಸರು ಹೇಳುವಾಗ ಅವರನ್ನು ಬಿಟ್ಟು ಮಾತಾಡುವವರು ಇರಲಿಲ್ಲ. ಎವರ್ಟನ್ ಕ್ಲಬ್ ಪರ 751 ಪಂದ್ಯ, 1985 ಮತ್ತು 1987ರಲ್ಲಿ ಲೀಗ್ ಪ್ರಶಸ್ತಿ, 1985ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ಕೊಡುವ ವರ್ಷದ ಆಟಗಾರ ಗೌರವ. ವೇಲ್ಸ್ ಪರ 92 ಪಂದ್ಯ. ಅಷ್ಟಾಗಿಯೂ ಒಂದೇ ಒಂದು ವಿಶ್ವಕಪ್ ಅಥವಾ ಯೂರೊ ಟೂರ್ನಿಯಲ್ಲಿ ಅವರು ಆಡಲಿಲ್ಲ. ತೀರಾ ಹತ್ತಿರ ಬಂದಿದ್ದು 1993ರ ನವೆಂಬರಿನಲ್ಲಿ. ಕಾರ್ಡಿಫ್‌ನಲ್ಲಿ ರೊಮೇನಿಯವನ್ನು ಸೋಲಿಸಿದ್ದರೆ ವೇಲ್ಸ್ 1994ರ ವಿಶ್ವಕಪ್ಪಿಗೆ ಹೋಗುತ್ತಿತ್ತು. ರೊಮೇನಿಯದ ಹಾಜಿ ದೂರದಿಂದ ಒದ್ದ ಚೆಂಡು ಸೌಥಾಲ್ ಕೈತಪ್ಪಿ ಒಳಹೋಯಿತು. ಸ್ಕೋರು ಸಮವಾದ ಮೇಲೆ ಪಾಲ್ ಬೋಡಿನ್ ಹೊಡೆದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿಯಿತು. ವೇಲ್ಸ್ 1–2ರಿಂದ ಸೋತಿತು. ಅದೇ ದೇಶದ ನಂತರದ ಗೋಲ್‌ಕೀಪರ್ ವೇಯ್ನ್ ಹೆನೆಸಿ ನೂರಕ್ಕೂ ಮೇಲೆ ಪಂದ್ಯ ಆಡಿ, 2016ರ ಯೂರೊದಲ್ಲೂ 2022ರ ವಿಶ್ವಕಪ್ಪಿನಲ್ಲೂ ನಿಂತರು. ಹಾಗೆಂದು ಹೆನೆಸಿ ಸೌಥಾಲ್‌ಗಿಂತ ದೊಡ್ಡ ಗೋಲ್‌ಕೀಪರ್ ಎಂದು ಆ ದೇಶದಲ್ಲಿ ಯಾರೂ ವಾದಿಸುವುದಿಲ್ಲ. ಸೌಥಾಲ್ ಬೆಲೆಯನ್ನು ಅವರು ಎವರ್ಟನ್‌ನ ಶನಿವಾರಗಳಲ್ಲಿ ಕಂಡಿದ್ದಾರೆ. ಜೋಶಿಯ ಬೆಲೆಯನ್ನು ನಾವು ಕಾಣಬೇಕಾದದ್ದು ರಣಜಿಯ ನಾಲ್ಕು ದಿನಗಳಲ್ಲಿ.

ಅಲ್ಲಿ ಕಾಣುವ ಜೋಶಿ ಬೇರೆಯೇ ಆಳು. ಪ್ರಥಮ ದರ್ಜೆಯಲ್ಲಿ 160 ಪಂದ್ಯ, 615 ವಿಕೆಟ್, ಸರಾಸರಿ ಸುಮಾರು 25. ಜತೆಗೆ 5,000ಕ್ಕೂ ಹೆಚ್ಚು ರನ್. 1992–93ರಿಂದ 2010–11ರವರೆಗೆ ಹರಡಿದ ಆಟ ಇದು. 1995–96ರ ರಣಜಿ ಋತುವಿನಲ್ಲಿ ಅವರು 500ಕ್ಕೂ ಮೇಲೆ ರನ್ ಮತ್ತು 50ಕ್ಕೂ ಮೇಲೆ ವಿಕೆಟ್ ಗಳಿಸಿದರು. ಕರ್ನಾಟಕ ಚಾಂಪಿಯನ್ ಆಯಿತು. 1997–98 ಮತ್ತು 1998–99ರಲ್ಲಿ ಮತ್ತೆರಡು ಸಲ ಟ್ರೋಫಿ ಬಂತು. ಆ ದಿನಗಳ ಕರ್ನಾಟಕ ತಂಡ ಹೇಗಿತ್ತೆಂದು ನೆನೆದರೆ ಈ ಸಾಧನೆಯ ತೂಕ ತಿಳಿಯುತ್ತದೆ. ಕುಂಬ್ಳೆ, ಶ್ರೀನಾಥ್, ವೆಂಕಟೇಶ ಪ್ರಸಾದ್, ದ್ರಾವಿಡ್ ಭಾರತದ ಕೆಲಸದಲ್ಲಿ ವರ್ಷದ ಎಷ್ಟೋ ತಿಂಗಳು ರಾಜ್ಯಕ್ಕೆ ಸಿಗುತ್ತಿರಲಿಲ್ಲ. ಭಾರತಕ್ಕೆ ಅಷ್ಟು ಜನರನ್ನು ಕೊಟ್ಟೂ ರಾಜ್ಯ ಗೆಲ್ಲುತ್ತಿದ್ದುದು, ಅವರಿಲ್ಲದ ವಾರಗಳಲ್ಲಿ ದಿನಕ್ಕೆ ಮೂವತ್ತು ಓವರ್ ಎಸೆಯುವ, ಏಳನೆಯವನಾಗಿ ಬಂದು ಇನಿಂಗ್ಸ್ ಎತ್ತಿ ನಿಲ್ಲಿಸುವ ಜೋಶಿ, ವಿಜಯ್ ಭಾರದ್ವಾಜ್, ದೊಡ್ಡ ಗಣೇಶ್ ಅಂಥವರಿಂದ. ನೈರೋಬಿಯ ಆ ಟೂರ್ನಿಯಲ್ಲಿ ಸರಣಿಪುರುಷನಾದದ್ದು ಇದೇ ಭಾರದ್ವಾಜ್ ಎಂಬುದನ್ನೂ ನೆನಪಿಡಬೇಕು.

ಎಡಗೈ ಸ್ಪಿನ್ ಬೌಲಿಂಗ್ ಭಾರತದಲ್ಲಿ ಮೊದಲಿನಿಂದಲೂ ಇಕ್ಕಟ್ಟಿನ ದಾರಿ. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯೊಂದರಲ್ಲೇ 637 ವಿಕೆಟ್ ಪಡೆದರು, ಒಂದೂ ಟೆಸ್ಟ್ ಆಡಲಿಲ್ಲ. ಮುಂಬೈಯ ಪದ್ಮಾಕರ ಶಿವಾಲ್ಕರ್ ಕಥೆಯೂ ಅದೇ. ಇಬ್ಬರ ಕಾಲದಲ್ಲೂ ಭಾರತ ತಂಡದ ಎಡಗೈ ಸ್ಪಿನ್ನರ್ ಆಗಿ ಬಿಷನ್ ಸಿಂಗ್ ಬೇಡಿ ಇದ್ದರು. ಜಾಗ ಇದ್ದದ್ದು ಒಂದು. ಗೋಲ್‌ಕೀಪರ್ ಸ್ಥಾನವೂ ಹೀಗೆಯೇ. ತಂಡದಲ್ಲಿ ಫಾರ್ವರ್ಡ್ ಮೂವರಿರಬಹುದು, ಗೋಲಿನ ಮುಂದೆ ನಿಲ್ಲುವವನು ಒಬ್ಬನೇ. ಇಂಥ ಸ್ಥಾನಗಳಲ್ಲಿ ಆಡುವವರ ಬದುಕನ್ನು ದೇಶದ ತಂಡದ ಲೆಕ್ಕದಿಂದ ತೂಗಿದರೆ ಗೋಯಲ್ ಅವರ ಪಾಲಿಗೆ ಉಳಿಯುವುದು ಸೊನ್ನೆ. ಆ ಸೊನ್ನೆ ಸುಳ್ಳೆಂದು ಕ್ರಿಕೆಟ್ ಬಲ್ಲ ಎಲ್ಲರಿಗೂ ಗೊತ್ತು. ಭಾರತ ಕ್ರಿಕೆಟ್ ಮಂಡಳಿಯೇ 2017ರಲ್ಲಿ ಗೋಯಲ್, ಶಿವಾಲ್ಕರ್ ಇಬ್ಬರಿಗೂ ಸಿ.ಕೆ. ನಾಯ್ಡು ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟು ಅದನ್ನು ಒಪ್ಪಿಕೊಂಡಿತು.

ಇಲ್ಲಿಂದ ಮಾತು ಗದಗ ಜಿಲ್ಲೆಗೆ ತಿರುಗುತ್ತದೆ, ಸೌಥಾಲ್ ಊರಿನ ದಾರಿಯಾಗಿ. ಸೌಥಾಲ್ ಹುಟ್ಟಿದ ಲ್ಯಾಂಡಡ್ನೊ ಸಮುದ್ರದಂಡೆಯ ಸಣ್ಣ ಪಟ್ಟಣ. ಶಾಲೆ ಬಿಟ್ಟ ಮೇಲೆ ಅವರು ಇಟ್ಟಿಗೆ ಹೊತ್ತರು, ಬೀದಿಯ ಕಸದ ಗಾಡಿಯಲ್ಲಿ ದುಡಿದರು. ವೃತ್ತಿಪರ ಕ್ಲಬ್ಬು ಅವರನ್ನು ಸೇರಿಸಿಕೊಂಡದ್ದು 1980ರಲ್ಲಿ, ಅವರಿಗೆ 21 ವರ್ಷವಾದಾಗ. ನಮ್ಮ ಕಣ್ಣಿಗೆ ಇದು ಕೂಲಿಯವನು ತಾರೆಯಾದ ಕಥೆಯಾಗಿ ಕಾಣುತ್ತದೆ. ಆದರೆ ಆ ಕಥೆಯ ನಡುವೆ ಲ್ಯಾಂಡಡ್ನೊದ ಊರ ತಂಡ, ಪಕ್ಕದ ಕಾನ್ವಿ, ಆಮೇಲೆ ಬ್ಯಾಂಗರ್, ಆಮೇಲೆ ಗಡಿಯಾಚೆಯ ವಿನ್ಸ್‌ಫರ್ಡ್ ಎಂಬ ಅರೆವೃತ್ತಿಪರ ಕ್ಲಬ್ಬುಗಳಿವೆ. ದಿನವಿಡೀ ದುಡಿದು ವಾರಾಂತ್ಯಕ್ಕೆ ಆಡಲು ಒಂದು ಮೈದಾನ, ಎದುರಾಳಿ ತಂಡ, ಲೀಗಿನ ವೇಳಾಪಟ್ಟಿ, ನೋಡಲು ಬರುವ ಕಣ್ಣುಗಳು ಇದ್ದವು. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸ್ವಲ್ಪ ದೂರ, ಸ್ವಲ್ಪ ಎತ್ತರ. ಬರಿ ಎಂಬ ಕ್ಲಬ್ಬು ಅವರನ್ನು ಕರೆಯುವ ಹೊತ್ತಿಗೆ, ಒಂದೇ ವರ್ಷದಲ್ಲಿ ಎವರ್ಟನ್ ಒಂದೂವರೆ ಲಕ್ಷ ಪೌಂಡ್ ಕೊಟ್ಟು ಕೊಳ್ಳುವಷ್ಟು ಅವರು ಪಳಗಿದ್ದರು.

ಜೋಶಿಗೆ ಅಂಥ ನಡುವಿನ ಮೆಟ್ಟಿಲುಗಳು ಇರಲಿಲ್ಲ. ಬಾಲಕನಾಗಿದ್ದಾಗ ಬೆಳಿಗ್ಗೆ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮರಳಿ ಗದುಗಿನ ಶಾಲೆಗೆ ಬರುತ್ತಿದ್ದರು ಎಂಬುದು ಅವರ ಬಗ್ಗೆ ಬರೆದವರೆಲ್ಲ ಹೇಳುವ ಸಂಗತಿ. ಇದನ್ನು ಛಲದ ಉದಾಹರಣೆಯಾಗಿ ಶಾಲಾ ವಾರ್ಷಿಕೋತ್ಸವಗಳಲ್ಲಿ ಹೇಳುವುದುಂಟು. ಛಲ ಇದ್ದದ್ದು ನಿಜ. ಆದರೆ ಆ ಛಲಕ್ಕೆ ದಾರಿ ಸಿಕ್ಕಿದ್ದು ಗದಗ ರೈಲ್ವೆ ಜಂಕ್ಷನ್ ಆಗಿದ್ದರಿಂದ, ಹುಬ್ಬಳ್ಳಿಗೆ ರೈಲು, ಬಸ್ಸು ಎರಡೂ ಹೊತ್ತಿಗೆ ಸರಿಯಾಗಿ ಸಿಗುತ್ತಿದ್ದುದರಿಂದ. ಇದೇ ಹುಡುಗ ಮುಂಡರಗಿಯಲ್ಲಿ ಹುಟ್ಟಿದ್ದರೆ? ಅಲ್ಲಿಂದ ಗದುಗಿಗೇ ಸುಮಾರು 40 ಕಿ.ಮೀ.; ಹುಬ್ಬಳ್ಳಿ ನೂರರ ಹತ್ತಿರ. ಮುಂಡರಗಿಗೂ ಶಿರಹಟ್ಟಿಗೂ ರೈಲಿಲ್ಲ. ಲಕ್ಷ್ಮೇಶ್ವರದವರು ಗದಗ–ಯಲವಿಗಿ ರೈಲು ಮಾರ್ಗವನ್ನು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಬೆಳಿಗ್ಗೆ ಹೋಗಿ ನೆಟ್ಸ್‌ನಲ್ಲಿ ಎಸೆದು ಶಾಲೆಯ ಗಂಟೆಗೆ ಮರಳುವ ಮಾತೇ ಆ ಊರುಗಳ ಹುಡುಗನಿಗೆ ಸಲ್ಲುವುದಿಲ್ಲ. ಹುಡುಗಿಯಾಗಿದ್ದರೆ ಇನ್ನೂ ಕಷ್ಟ. ಕತ್ತಲಿರುವಾಗಲೇ ಒಬ್ಬಳನ್ನೇ ಬಸ್ಸಿಗೆ ಹತ್ತಿಸುವ ತಂದೆತಾಯಿ ಎಷ್ಟು ಜನ ಇದ್ದಾರು?

ಕಷ್ಟವೇ ಜೋಶಿಯನ್ನು ಕಡೆದದ್ದು, ಊರಲ್ಲೇ ಎಲ್ಲ ಸಿಕ್ಕಿದ್ದರೆ ಆ ಹಟ ಎಲ್ಲಿಂದ ಬರುತ್ತಿತ್ತು ಎಂದು ಕೇಳುವವರಿದ್ದಾರೆ. ಇದು ಗೌರವದಿಂದ ಹುಟ್ಟುವ ಪ್ರಶ್ನೆಯೇ. ಆದರೆ ಅದು ದಾಟಿ ಬಂದವನನ್ನಷ್ಟೇ ನೋಡುತ್ತದೆ, ದಾಟಲಾಗದೆ ಉಳಿದವರನ್ನು ಎಣಿಸುವುದಿಲ್ಲ. ಕಷ್ಟವೇ ಸ್ಪಿನ್ನರ್‌ಗಳನ್ನು ಹುಟ್ಟಿಸುವುದಾದರೆ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಂದ ಈ ಹೊತ್ತಿಗೆ ಒಂದು ತಂಡವೇ ಎದ್ದಿರಬೇಕಿತ್ತು. ಜೋಶಿಯ ಮೊದಲ ಟೆಸ್ಟ್ ಆಗಿ ಒಂದು ತಲೆಮಾರು ಕಳೆದಿದೆ. ಗದಗ ಜಿಲ್ಲೆಯಿಂದ ಪುರುಷರ ಟೆಸ್ಟ್ ತಂಡಕ್ಕೆ ಎರಡನೆಯ ಹೆಸರು ಸೇರಿಲ್ಲ. ಕುಂಬ್ಳೆ ಬೆಂಗಳೂರಿನಲ್ಲಿ, ಕ್ಲಬ್ಬುಗಳ ನಡುವೆ ಬೆಳೆದರು. ಅವರ ಹಟ ಜೋಶಿಯದಕ್ಕಿಂತ ಕಡಿಮೆಯಾಗಲಿಲ್ಲ. ಹಟ ಖರ್ಚಾಗಬೇಕಾದದ್ದು ಚೆಂಡನ್ನು ಗಾಳಿಯಲ್ಲಿ ತೇಲಿಸುವುದನ್ನು ಕಲಿಯಲಿಕ್ಕೆ. ಅದು ಬಸ್ ನಿಲ್ದಾಣದಲ್ಲಿ ಖರ್ಚಾದರೆ ಆಟಕ್ಕೆ ಏನು ಉಳಿಯುತ್ತದೆ?

ಕಾಲ ಬದಲಾಗಿದೆ, ದೂರ ಈಗ ದೊಡ್ಡ ಮಾತಲ್ಲ ಎಂಬುದು ಇನ್ನೊಂದು ವಾದ. ಹುಬ್ಬಳ್ಳಿಯ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ, ಅಲ್ಲಿ ರಣಜಿ ಪಂದ್ಯ ನಡೆಯುತ್ತವೆ. ರಾಜ್ಯದ ಟಿ-20 ಟೂರ್ನಿಯಾದ ಮಹಾರಾಜ ಟ್ರೋಫಿಯಲ್ಲಿ ಹುಬ್ಬಳ್ಳಿ ಟೈಗರ್ಸ್ ಇದೆ, 2023ರಲ್ಲಿ ಕಪ್ಪನ್ನೂ ಗೆದ್ದಿತು. ಫೋನಿನಲ್ಲಿ ಬೌಲಿಂಗ್ ಪಾಠ ಸಿಗುತ್ತದೆ. ಇವೆಲ್ಲ ಒಳ್ಳೆಯ ಬೆಳವಣಿಗೆಗಳೇ. ಆದರೆ ರಾಜನಗರದ ಮೈದಾನ ಆಗಲೇ ಆಡಬಲ್ಲವರಿಗೆ ಇರುವುದು. ಹನ್ನೊಂದು ವರ್ಷದ ಹುಡುಗ ಸ್ಪಿನ್ ಹಿಡಿತ ಕಲಿಯುವ ಜಾಗ ಅದಲ್ಲ. ಹುಬ್ಬಳ್ಳಿ ಟೈಗರ್ಸ್ ಕಪ್ ಗೆದ್ದ ವರ್ಷವೂ ಟೂರ್ನಿ ನಡೆದದ್ದು ಬೆಂಗಳೂರಿನಲ್ಲಿ. ಇನ್ನು ಫೋನಿನ ಪಾಠದ ಮಾತು. ಎಡಗೈ ಸ್ಪಿನ್ನರ್‌ನ ಕೆಲಸದಲ್ಲಿ ಅದರಿಂದ ಬಾರದ ಭಾಗವೇ ಮುಖ್ಯ. ಅಭ್ಯಾಸಕ್ಕೆ ನೆಲದ ಮೇಲೆ ಹಾಸುವ ಮ್ಯಾಟಿಂಗ್ ಚಾಪೆಯ ಮೇಲೆ ಚೆಂಡು ಒಂದೇ ಸಮ ಪುಟಿಯುತ್ತದೆ, ತಿರುಗುತ್ತದೆ. ಬೌಲರ್‌ಗೆ ತಾನು ಕಲಿತೆ ಎಂಬ ಭ್ರಮೆ ಬರುತ್ತದೆ. ಮಣ್ಣಿನ ಪಿಚ್ ಹಾಗಲ್ಲ. ಮೊದಲ ದಿನ ಏನೂ ಕೊಡದ ಅದು ಮೂರನೇ ದಿನ ಬಿರುಕು ಬಿಟ್ಟು ಮಾತಾಡತೊಡಗುತ್ತದೆ. ಎಲ್ಲಿ ಬೀಳಿಸಬೇಕು, ಎಷ್ಟು ನಿಧಾನ ಮಾಡಬೇಕು, ಬ್ಯಾಟ್ಸ್‌ಮನ್ ಮುನ್ನುಗ್ಗಿ ಬಂದಾಗ ಚೆಂಡನ್ನು ಹೇಗೆ ಹಿಂದೆ ಹಿಡಿಯಬೇಕು ಎಂಬುದು ಅಂಥ ಪಿಚ್ ಮೇಲೆ ವಾರವಾರವೂ ಹೊಡೆಸಿಕೊಂಡರೇ ಬರುವ ವಿದ್ಯೆ. ಗೋಲ್‌ಕೀಪರ್ ಯಾವಾಗ ಮುಂದೆ ಬರಬೇಕು, ಯಾವಾಗ ಗೆರೆ ಮೇಲೇ ನಿಲ್ಲಬೇಕು ಎಂಬುದನ್ನು ಗೋಲು ಬಿಟ್ಟು ಬಿಟ್ಟೇ ಕಲಿಯುವುದು ಕೂಡ ಇದೇ ರೀತಿ. ಪಂದ್ಯಗಳಿಲ್ಲದೆ ಅದು ಬರುವುದಿಲ್ಲ.

ತಾಲ್ಲೂಕು ಊರುಗಳಲ್ಲಿ ಇಂಥದ್ದನ್ನೆಲ್ಲ ಕಟ್ಟಲು ಹಣ ಎಲ್ಲಿದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಬರ ಕಾಣುವ ನಾಡು ಇದು. ಕುಡಿಯುವ ನೀರು, ಶಾಲೆಯ ಕೊಠಡಿ ಎಂಬ ಬೇಡಿಕೆಗಳು ಮೊದಲು ನಿಲ್ಲುತ್ತವೆ. ಆದರೆ ಈ ಜಿಲ್ಲೆಯೇ ಇದಕ್ಕೆ ಉತ್ತರ ಕೊಟ್ಟಿದೆ, ಬೇರೊಂದು ವಿದ್ಯೆಯಲ್ಲಿ. ರೋಣದ ಭೀಮಸೇನ ಜೋಶಿ ಗುರುವನ್ನು ಹುಡುಕುತ್ತ ಚಿಕ್ಕಂದಿನಲ್ಲೇ ಮನೆ ಬಿಟ್ಟು ಗ್ವಾಲಿಯರ್‌ವರೆಗೆ ಅಲೆದರು. ಕೊನೆಗೆ ಸವಾಯಿ ಗಂಧರ್ವರು ಸಿಕ್ಕಿದ್ದು ಇಲ್ಲೇ ಪಕ್ಕದ ಕುಂದಗೋಳದಲ್ಲಿ. ಆದರೆ ಸಂಗೀತ ಕಲಿಯಬೇಕಾದ ಪ್ರತಿ ಮಗುವೂ ಹಾಗೆ ಅಲೆಯಲಿ ಎಂದು ಗದಗ ಬಿಡಲಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡವರ ಮಕ್ಕಳಿಗೆ ಊಟ, ವಸತಿ ಕೊಟ್ಟು ಸ್ವರ ಕಲಿಸಿದರು. ಅಲ್ಲಿಂದ ಹೊರಬಿದ್ದವರಲ್ಲಿ ದೇಶಕ್ಕೆಲ್ಲ ಹೆಸರಾದವರು ಕೆಲವರೇ. ಉಳಿದವರು ಶಾಲೆಗಳಲ್ಲಿ, ಮಠಗಳಲ್ಲಿ, ನಾಟಕ ಕಂಪನಿಗಳಲ್ಲಿ ಹಾಡಿ, ನುಡಿಸಿ, ಕಲಿಸಿ ಬದುಕಿದರು. ಆಶ್ರಮವನ್ನು ಯಾರೂ ಅದು ಕೊಟ್ಟ ಪದ್ಮ ಪ್ರಶಸ್ತಿಗಳ ಸಂಖ್ಯೆಯಿಂದ ಅಳೆಯುವುದಿಲ್ಲ. ಕುಸ್ತಿಯಲ್ಲೂ ಹಾಗೆಯೇ. ಊರ ಗರಡಿ ಮನೆಯಲ್ಲಿ ಮಣ್ಣು ಮೆತ್ತಿಕೊಂಡ ಹುಡುಗನಿಗೆ ಸುತ್ತಲಿನ ಜಾತ್ರೆಗಳ ಕಣ, ಅಲ್ಲಿ ಗೆದ್ದವನಿಗೆ ಮೈಸೂರು ದಸರಾ ಕುಸ್ತಿ. ಅದನ್ನು ಕಟ್ಟಿದ್ದು ಊರ ಜನರೇ. ಪಿಚ್ಚಿನ ಮಣ್ಣಂತೂ ಹೊರಗಿನಿಂದ ತರಬೇಕಿಲ್ಲ. ದೇಶದ ಎಷ್ಟೋ ಮೈದಾನಗಳ ಪಿಚ್ಚುಗಳು ಎರೆಮಣ್ಣಿನವು, ಅದು ಇಲ್ಲಿ ಹೊಲಹೊಲದಲ್ಲಿದೆ. ಇಲ್ಲದಿರುವುದು ಅದನ್ನು ಹದ ಮಾಡಿ, ನೀರುಣಿಸಿ, ರೋಲರ್ ಎಳೆಯಬಲ್ಲ ಕೈ.

ಆಟ ಬಿಟ್ಟ ಮೇಲೆ ಜೋಶಿ ಮಾಡಿದ ಕೆಲಸವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. 2012ರಲ್ಲಿ ನಿವೃತ್ತರಾದ ಅವರು ಜಮ್ಮು-ಕಾಶ್ಮೀರ ತಂಡದ ತರಬೇತುದಾರರಾದರು. 2014ರ ಸೆಪ್ಟೆಂಬರಿನ ಪ್ರವಾಹ ಶ್ರೀನಗರದ ಮೈದಾನವನ್ನೇ ಮುಳುಗಿಸಿತ್ತು; ಅದೇ ವರ್ಷ ಡಿಸೆಂಬರಿನಲ್ಲಿ ಪರ್ವೇಜ್ ರಸೂಲ್ ನಾಯಕತ್ವದ ಆ ತಂಡ ವಾಂಖೆಡೆಯಲ್ಲಿ, 40 ಸಲ ರಣಜಿ ಗೆದ್ದಿದ್ದ ಮುಂಬೈಯನ್ನು 4 ವಿಕೆಟ್‌ಗಳಿಂದ ಸೋಲಿಸಿತು. ಮುಂದೆ ಒಮಾನ್, ಬಾಂಗ್ಲಾದೇಶ ತಂಡಗಳ ಸ್ಪಿನ್ನರ್‌ಗಳಿಗೆ ಪಾಠ ಹೇಳಿದರು. 2020ರ ಮಾರ್ಚಿನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಅವರ ಸಮಿತಿ ಆಸ್ಟ್ರೇಲಿಯ ಪ್ರವಾಸಕ್ಕೆ ಆರಿಸಿದ ಪಟ್ಟಿಯಲ್ಲಿ ಇನ್ನೂ ಟೆಸ್ಟ್ ಆಡದ ಮೊಹಮ್ಮದ್ ಸಿರಾಜ್, ಶುಭಮನ್ ಗಿಲ್ ಇದ್ದರು. ಹೆಚ್ಚುವರಿ ಬೌಲರ್ ಆಗಿ ಸೇಲಂ ಬಳಿಯ ಹಳ್ಳಿಯ ಟಿ. ನಟರಾಜನ್ ಇದ್ದರು. ಗಾಯಾಳುಗಳ ಸಾಲು ಬೆಳೆದಾಗ ಮೂವರೂ ಬ್ರಿಸ್ಬೇನಿನಲ್ಲಿ ಆಡಿದರು, ಭಾರತ ಗೆದ್ದಿತು. ಮುಖ್ಯ ತಂಡದ ಹನ್ನೊಂದು ಮಂದಿಯಷ್ಟೇ ಮುಖ್ಯ ಎಂದು ನಂಬಿದ್ದ ಸಮಿತಿಗೆ ಆ ಹಿಂದಿನ ಸಾಲು ಸಿದ್ಧವಿರುತ್ತಿರಲಿಲ್ಲ. ಇನ್ನೊಬ್ಬರಿಲ್ಲದಾಗ ತಂಡ ಹೊತ್ತವನು ಹಿಂದಿನ ಸಾಲಿನ ಬೆಲೆ ಅರಿತಿರುವುದು ಸಹಜ ಎಂದೇ ಈ ಲೇಖಕನ ಊಹೆ.

ಹಾಗಾಗಿ ಜೋಶಿಗೆ ಗೌರವ ಸಲ್ಲಿಸಲು ಇನ್ನೊಂದು ಫಲಕವೋ, ಒಂದು ದಿನದ ಸನ್ಮಾನವೋ ಸಾಲದು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಲ್ಲಿ ತಲಾ ಒಂದು ಮಣ್ಣಿನ ಪಿಚ್, ಅದನ್ನು ನೋಡಿಕೊಳ್ಳಲು ಸಂಬಳದ ಒಬ್ಬ ಆಳು, ಹದಿನಾಲ್ಕು ವರ್ಷದೊಳಗಿನವರಿಗೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಪ್ರತಿ ಭಾನುವಾರ ಎರಡು ಇನಿಂಗ್ಸಿನ ಪಂದ್ಯ, ಹುಡುಗಿಯರಿಗೂ ಅಷ್ಟೇ ದಿನ. ತಿಂಗಳಿಗೊಮ್ಮೆ ಈ ತಾಲ್ಲೂಕುಗಳ ತಂಡಗಳು ಗದಗ-ಬೆಟಗೇರಿಯಲ್ಲಿ ಸೇರಿ ಆಡಲಿ, ಆ ದಿನ ರಾಜ್ಯ ಸಂಸ್ಥೆಯ ಧಾರವಾಡ ವಲಯದಿಂದ ಒಬ್ಬರು ಬಂದು ಕುಳಿತು ನೋಡಲಿ. ಟಿ-20 ಪಂದ್ಯ ಬೇಡವೆಂದಲ್ಲ. ಆದರೆ ನಾಲ್ಕು ಓವರಿನಲ್ಲಿ ಸ್ಪಿನ್ನರ್ ತಯಾರಾಗುವುದಿಲ್ಲ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಬಳಿ ಮೈದಾನದ ಜಾಗ ಇದೆ. ಅದರಲ್ಲಿ ಇಪ್ಪತ್ತೆರಡು ಗಜದ ಮೇಲೆ ವಾಹನ, ಸಭೆಯ ಶಾಮಿಯಾನ ಬಾರದಂತೆ ಬೇಲಿ ಹಾಕುವುದು ಈ ಚಳಿಗಾಲಕ್ಕೆ ಮೊದಲೇ ಆಗಬಹುದಾದ ಕೆಲಸ.